ಕಲ್ಲಿನ ಮೇಲೆ ನಿಂತವನ ತಲೆ

ಕೆಲವರಿಗೆ ಸಿಟ್ಟು ಬರುತ್ತದೆ, ಹೋಗುತ್ತದೆ. ನನ್ನದು ಹಾಗಲ್ಲ. ನನ್ನ ಸಿಟ್ಟು ಮನೆಯಲ್ಲೇ ಇರುತ್ತದೆ. ಹೊರಗೆ ಹೋಗಿ ಬರುವವನು ನಾನು. ಇಂಥವನು ಉಪಕಾರ ನೆನೆಯಲು ಕೂತಿದ್ದಾನೆ ಎಂದರೆ ನಮ್ಮ ಕಟ್ಟಡದವರೇ ನಂಬಲಿಕ್ಕಿಲ್ಲ. ನಂಬದಿದ್ದರೆ ಬಿಡಲಿ. ಅವರೆಲ್ಲರಿಗೂ ನಾನು ಋಣಿ. ಈ ಮಾತನ್ನು ಹಲ್ಲು ಕಡಿಯದೆ ಹೇಳುತ್ತಿದ್ದೇನೆ.

ನಾನು ಪಂಕ್ಚರ್ ಅಂಗಡಿಯಲ್ಲಿ ಕೆಲಸ ಮಾಡುವವನು. ಕಂಡಕಂಡವರ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ, ಗುಳ್ಳೆ ಎಲ್ಲಿ ಏಳುತ್ತದೆಂದು ನೋಡಿ, ಸಿಕ್ಕ ತೂತು ಮುಚ್ಚುವುದು. ಇಡೀ ದಿನ ಬೇರೆಯವರ ಗಾಳಿ ಹೋಗದಂತೆ ತಡೆದವನು ಮನೆಗೆ ಬಂದಮೇಲೆ ತನ್ನ ಗಾಳಿಯನ್ನೂ ಬಿಡಬಾರದು ಎಂದರೆ ಅದು ಯಾವ ಊರಿನ ನ್ಯಾಯ? ಬಿಡುತ್ತಿದ್ದೆ. ಮೆಟ್ಟಿಲಿನಲ್ಲೇ ಬಿಡುತ್ತಿದ್ದೆ. ನಮ್ಮ ಕಟ್ಟಡದ ಮೆಟ್ಟಿಲು ಬಾವಿಯ ಹಾಗೆ ಕಿರಿದು. ಕೆಳಗೆ ನಿಂತು ಕೆಮ್ಮಿದರೆ ಮೇಲಿನ ಮಹಡಿಯ ಪಾತ್ರೆಗಳು ಉತ್ತರ ಕೊಡುತ್ತವೆ. ನಾನು ಕೆಮ್ಮುತ್ತಿರಲಿಲ್ಲ, ಕೂಗುತ್ತಿದ್ದೆ. ಹಾಗಾಗಿ ಕಟ್ಟಡದವರು ನನಗೆ ಕುಕ್ಕರ್ ಎಂದು ಹೆಸರಿಟ್ಟಿದ್ದರು. ಸಂಜೆ ನಾನು ಗೇಟು ದೂಡಿದ ಕೂಡಲೇ ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು. ಕುಕ್ಕರ್ ಸೀಟಿ ಹೊಡೆಯುವಾಗ ಹತ್ತಿರ ನಿಲ್ಲಬಾರದೆಂಬ ಜ್ಞಾನ ಎಲ್ಲರಿಗೂ ಇತ್ತು.

ಸುಮ್ಮನೆ ಕೂಗಲು ನನಗೇನು ಹುಚ್ಚೇ? ಕಾರಣ ಪಕ್ಕದ ಮನೆಯಲ್ಲೇ ವಾಸವಾಗಿತ್ತು. ಅವರನ್ನು ಎಲ್ಲರೂ ಮೋಟಾರ್ ಮಾವ ಎನ್ನುತ್ತಾರೆ. ಯಾವುದೋ ಕಚೇರಿಯಲ್ಲಿ ಒಂದು ಕಪಾಟಿನ ಬೀಗದ ಕೈ ಕಾಯ್ದುಕೊಂಡಿದ್ದು ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಸೊಂಟ ಹಗುರಾದಂತೆ ಅನ್ನಿಸಿರಬೇಕು. ಕಟ್ಟಡಕ್ಕೆ ನೀರೆತ್ತುವ ಮೋಟಾರಿನ ಸ್ವಿಚ್ಚಿಗೆ ಒಂದು ತಗಡಿನ ಪೆಟ್ಟಿಗೆ ಮಾಡಿಸಿ, ಅದಕ್ಕೆ ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಯಾರೂ ಅವರನ್ನು ಕೇಳಿರಲಿಲ್ಲ, ಯಾರೂ ಬೇಡವೆಂದೂ ಹೇಳಲಿಲ್ಲ. ಅಂದಿನಿಂದ ನಾನು ಮುಖಕ್ಕೆ ಸೋಪು ಹಚ್ಚಿಕೊಂಡ ಗಳಿಗೆಗೂ ನಲ್ಲಿ ನಿಲ್ಲುವ ಗಳಿಗೆಗೂ ಜಾತಕ ಕೂಡಿಬರತೊಡಗಿತು.

ಒಂದು ಬೆಳಿಗ್ಗೆ ಟವೆಲು ಸುತ್ತಿಕೊಂಡು, ಕಣ್ಣೊಳಗೆ ಸೋಪು ತುಂಬಿಕೊಂಡು, ಗೋಡೆ ತಡವುತ್ತಾ ಮೆಟ್ಟಿಲಿಗೆ ಬಂದೆ.

"ಮಾವ, ನೀರು."

"ಮೋಟಾರು ಬಿಸಿ ಆಗಿದೆ ಕಣಪ್ಪ. ಅದಕ್ಕೂ ಸ್ವಲ್ಪ ವಿಶ್ರಾಂತಿ ಬೇಡ್ವಾ?"

"ನಿಮ್ಮ ಮೋಟಾರಿಗೆ ಬೆಂಕಿ ಹಾಕ. ಆ ಪೆಟ್ಟಿಗೆಗೆ ಬೆಂಕಿ ಹಾಕ. ಈ ಕಟ್ಟಡಕ್ಕೇ ಬೆಂಕಿ ಹಾಕ."

ನಮ್ಮ ಮಾತಿನಲ್ಲಿ ಬೆಂಕಿ ಹಾಕ ಎಂದರೆ ಯಾರೂ ಎದ್ದು ಹೋಗಿ ಕಡ್ಡಿ ಗೀರುವುದಿಲ್ಲ. ನಮ್ಮಕ್ಕ ಸೂಜಿಯ ಕಣ್ಣಿಗೆ ದಾರ ಏರದಿದ್ದರೆ ಸೂಜಿಗೂ ಬೆಂಕಿ ಹಾಕುತ್ತಾಳೆ, ಆಮೇಲೆ ಅದೇ ಸೂಜಿಯಲ್ಲಿ ಹೊಲಿಯುತ್ತಾಳೆ. ಆದರೆ ನನ್ನ ದನಿಯ ದಪ್ಪವೇ ಬೇರೆ. ಮೇಲಿನ ಮಹಡಿಯಿಂದ ಕಟ್ಟಡದ ಮಾಲೀಕಮ್ಮ ಇಳಿದು ಬಂದರು. ಅವರು ಯಾವಾಗಲೂ ಬಿಳಿ ಶಾಲು ಹೊದೆಯುತ್ತಾರೆ, ಯಾವಾಗಲೂ ಮೆಲ್ಲಗೆ ಮಾತಾಡುತ್ತಾರೆ. ಮೆಲ್ಲಗೆ ಮಾತಾಡುವವರ ಮುಂದೆ ನನ್ನಂಥವನು ನಿರಾಯುಧ.

"ಇನ್ನೊಂದು ಸಲ ಮೆಟ್ಟಿಲಲ್ಲಿ ನಿನ್ನ ಕೂಗು ಕೇಳಿಸಿದ್ರೆ ಮನೆ ಖಾಲಿ ಮಾಡ್ಬೇಕಾಗುತ್ತಪ್ಪ," ಎಂದರು. "ಬೈತಾ ಇಲ್ಲ. ಹೇಳ್ತಾ ಇದೀನಿ."

ಮನೆ ಖಾಲಿ ಮಾಡುವುದೆಂದರೆ ನನಗೇನು, ಎರಡು ಪ್ಯಾಂಟು, ಒಂದು ಬಾಚಣಿಗೆ. ಆದರೆ ಮುಂದಿನ ಕೋಣೆ ಅಕ್ಕನದು. ನನ್ನನ್ನು ಸಾಕಿದವಳು ಅವಳೇ. ಬೀದಿಗೆ ಮುಖ ಮಾಡಿದ ಕಿಟಕಿಯ ಕೆಳಗೆ ಅವಳ ಹೊಲಿಗೆ ಮಿಷನ್ನು; ಕಿಟಕಿಯ ಸರಳಿಗೆ ಶಾಲೆಯ ಸಮವಸ್ತ್ರಗಳು. ಆ ಕಿಟಕಿಯಲ್ಲಿ ತೂಗುವ ಪುಟ್ಟ ಪುಟ್ಟ ಅಂಗಿಗಳನ್ನು ನೋಡಿಯೇ ತಾಯಂದಿರು ಮಕ್ಕಳನ್ನು ಕೈಹಿಡಿದು ಒಳಗೆ ಕರೆತರುತ್ತಾರೆ. ಆ ಬೀದಿ, ಆ ಕಿಟಕಿ ಹೋದರೆ ಅಕ್ಕನ ಅನ್ನ ಹೋಯಿತು.

ಅಕ್ಕ ತುಟಿಯ ನಡುವೆ ಗುಂಡುಪಿನ್ನು ಕಚ್ಚಿಕೊಂಡೇ ಹೇಳಿದಳು. "ಕೂಗೋನು ನೀನು, ಗಂಟು ಕಟ್ಟೋಳು ನಾನು. ಈ ಮಿಷನ್ ಹೊತ್ಕೊಂಡು ಯಾವ ಬೀದಿಗೆ ಹೋಗ್ಲೋ?"

"ನೀರು ನಿಲ್ಸಿದ್ದು ಆ ಮನುಷ್ಯ."

"ನೀರು ನಿಂತ್ರೆ ಮುಖ ಒಣಗುತ್ತೆ ಅಷ್ಟೆ. ನಡಿ."

ಕಿವಿ ಹಿಡಿಯುವುದು ನನ್ನ ವಯಸ್ಸಿಗೆ ಸರಿಯಲ್ಲವೆಂದು ತೋಳು ಹಿಡಿದು ಎಳೆದುಕೊಂಡು ಹೋದಳು. ನೆಲಮಹಡಿಯ ದವಡೆ ಮೇಷ್ಟ್ರ ಮನೆಗೆ.

ದವಡೆ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಜೀವಮಾನವೆಲ್ಲ ಹಲ್ಲಿನ ವೈದ್ಯರೊಬ್ಬರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಕಟ್ಟು ಹಲ್ಲು ಮಾಡಿದವರು. ಎದುರು ನಿಂತವರ ಮುಖ ನೋಡುವುದಿಲ್ಲ, ಬಾಯಿ ನೋಡುತ್ತಾರೆ. ಯಾರಾದರೂ ಸತ್ತ ಸುದ್ದಿ ಕೇಳಿದರೆ, 'ಛೆ, ಮೇಲಿನ ಸಾಲು ಎಷ್ಟು ಚೆನ್ನಾಗಿತ್ತು' ಎನ್ನುತ್ತಾರೆ. ಕೆಲಸ ಬಿಟ್ಟ ಮೇಲೆ ಅದೇ ಪುಟ್ಟ ಕುಂಚಗಳನ್ನು ಹಿಡಿದು ಎಣ್ಣೆಬಣ್ಣದ ಚಿತ್ರ ಬರೆಯುತ್ತಿದ್ದರು. ಅಕ್ಕ ನನ್ನ ರೋಗದ ವಿವರವನ್ನು ಹೇಳಿದಳು.

"ಬಾಯಿ ಬಿಡು," ಎಂದರು ಮೇಷ್ಟ್ರು.

ಬಿಟ್ಟೆ.

"ಕಡಿದು ಕಡಿದು ದವಡೆ ಹಲ್ಲನ್ನೆಲ್ಲ ಚಪ್ಪಟೆ ಮಾಡಿಟ್ಟಿದೀಯ. ಹಿಂಗೇ ಬಿಟ್ರೆ ಗಂಜಿ ಕುಡೀಬೇಕಾಗುತ್ತೆ. ಇವನಿಗೆ ಎಣ್ಣೆಬಣ್ಣವೇ ಸರಿಯಮ್ಮ. ಅದು ಒಣಗೋಕೆ ವಾರಗಟ್ಟಲೆ ಬೇಕು. ಅದರ ಮೇಲೆ ಎಷ್ಟು ಕೂಗಿದ್ರೂ ಅದು ಒಣಗಲ್ಲ."

ಗೋಡೆಯ ಮೇಲೊಂದು ಚಿತ್ರವಿತ್ತು. ಕ್ಲಿನಿಕ್ಕಿನಲ್ಲಿ ರೋಗಿಗಳು ಕಾಯುವ ಕೋಣೆಯಲ್ಲಿ ವರ್ಷಾನುಗಟ್ಟಲೆ ತೂಗಿದ್ದ ಹಳೆಯ ಅಚ್ಚಿನ ಚಿತ್ರ. ಮೇಷ್ಟ್ರು ನಿವೃತ್ತರಾದಾಗ ಬೇರೇನೂ ಕೇಳದೆ ಅದನ್ನೇ ಕೇಳಿ ತಂದಿದ್ದರಂತೆ. ಹಿಂದೆ ಆಕಾಶಕ್ಕೆ ಚುಚ್ಚುವ ಹಿಮದ ಪರ್ವತ. ನಡುವೆ ಕಣಿವೆ ತುಂಬ ಮಂಜು. ಒಂದು ಕಡೆ ಸಿಡಿಲು ಬಡಿದು ಮುರಿದ ಮರ, ಇನ್ನೊಂದು ಕಡೆ ಹುಚ್ಚೆದ್ದು ಬೀಳುವ ನೀರು. ಮುಂದಿನ ಕಲ್ಲಿನ ಮೇಲೆ ಗೇಣುದ್ದವೂ ಇಲ್ಲದ ಮನುಷ್ಯನೊಬ್ಬ ನಮಗೆ ಬೆನ್ನು ಹಾಕಿ, ಕೋಲು ಊರಿ, ಆ ಎಲ್ಲವನ್ನೂ ನೋಡುತ್ತ ನಿಂತಿದ್ದಾನೆ.

"ಹಲ್ಲು ನೋವಿಗೆ ಅಳ್ತಾ ಬಂದೋರು ಇದನ್ನ ನೋಡ್ತಾ ನೋಡ್ತಾ ಸುಮ್ಮನಾಗೋರು," ಎಂದರು ಮೇಷ್ಟ್ರು. "ಇದನ್ನ ನೋಡ್ಕೊಂಡು ಹಂಗೇ ಬರಿ. ಸ್ವಂತ ಬುದ್ಧಿ ಉಪಯೋಗಿಸಬೇಡ. ನಿಂಗೆ ಅದು ಒಗ್ಗಲ್ಲ."

ಹೀಗೆ ನನ್ನ ಕಲಾಜೀವನ ಆರಂಭವಾಯಿತು. ಅಕ್ಕನ ಕಣ್ಣಳತೆಯಲ್ಲೇ ಇರಬೇಕೆಂದು ಕ್ಯಾನ್ವಾಸು, ಬಣ್ಣ, ಅಗಸೆ ಎಣ್ಣೆ, ಬಣ್ಣ ತೆಳುವಾಗಿಸುವ ಟರ್ಪೆಂಟೈನಿನ ಬಾಟಲಿ ಎಲ್ಲ ನಮ್ಮ ಮನೆಯ ಹಿಂದಿನ ಕೋಣೆಗೆ ಬಂತು. ಅಂಗಡಿಯಿಂದ ಬಂದು ಕೈಯ ಗ್ರೀಸು ತೊಳೆದುಕೊಂಡು ಕೂರುತ್ತಿದ್ದೆ.

ಮೊದಲು ಬರೆದ ಪರ್ವತವನ್ನು ಮೇಷ್ಟ್ರು ಬಹಳ ಹೊತ್ತು ನೋಡಿದರು. "ಕೆಳಗಿನ ಸಾಲು, ಎಡಗಡೆ, ಕೊನೇ ದವಡೆ. ಬೇರು ಸಮೇತ ಬರೆದಿದೀಯ. ಕೆರೆದು ತೆಗಿ," ಎಂದರು. ಕೆರೆದು ತೆಗೆದೆ. ಮಂಜಿಗೆ ಬಿಳಿ ಬಣ್ಣ ಮೆತ್ತಿದೆ. "ಮಂಜು ಬಿಳಿ ಅಂತ ಯಾರು ಹೇಳಿದ್ರು? ಹಲ್ಲೇ ಬಿಳಿ ಅಲ್ಲ. ಹಳದಿ ನೋಡು, ಬೂದಿ ನೋಡು, ನೀಲಿ ನೋಡು." ನೋಡಿದೆ. ನನಗೆ ಸಿಟ್ಟು ಬಿಟ್ಟು ಬೇರೇನೂ ಕಾಣಲಿಲ್ಲ. ಪರ್ವತದ ನೆರಳಿಗೆ ಒಂದು ಕಡು ನೀಲಿ ಕೊಟ್ಟಿದ್ದರು. ಆ ಟ್ಯೂಬನ್ನು ಹಿಂಡುವಾಗ ಮಾತ್ರ ನನ್ನ ಕೈಗೆ ತವರುಮನೆ ಸಿಕ್ಕಂತಾಯಿತು, ಧಾರಾಳವಾಗಿ ಹಿಂಡಿದೆ. ಆ ನೀಲಿಯ ಸ್ವಭಾವ ಏನೆಂದರೆ, ಬೆರಳಿಗೆ ಸಾಸಿವೆಯಷ್ಟು ತಗಲಿದರೆ ಸಾಕು, ಕಿವಿಗೆ, ಲೋಟಕ್ಕೆ, ಬಾಗಿಲ ಚಿಲಕಕ್ಕೆ, ಅಲ್ಲಿಂದ ಅಕ್ಕನ ಮೂಗಿಗೆ. ಸಾಲ ಹರಡುವುದಕ್ಕಿಂತ ಬೇಗ ಹರಡುತ್ತದೆ.

ಎರಡು ಆಜ್ಞೆಗಳಿದ್ದವು. ಬಣ್ಣ ಒರೆಸಿದ ಚಿಂದಿ ಬಟ್ಟೆ ಮನೆಯೊಳಗೆ ಇರಕೂಡದು, ಸಮವಸ್ತ್ರಕ್ಕೆ ವಾಸನೆ ಹಿಡಿಯುತ್ತದೆ, ಇದು ಅಕ್ಕನದು. ಎಣ್ಣೆಯ ಚಿಂದಿಯನ್ನು ಮುದ್ದೆ ಮಾಡಬಾರದು, ತಂತಿಯ ಮೇಲೆ ಒಂದೊಂದಾಗಿ ಹರಡಬೇಕು, ಇದು ಮೇಷ್ಟ್ರದು. ಬಟ್ಟೆ ಒಣಗಿಸುವುದನ್ನು ಗಂಡಸಾದ ನನಗೆ ಹಲ್ಲು ಕಟ್ಟುವವರೊಬ್ಬರು ಹೇಳಿಕೊಡಬೇಕೇ ಎಂದು ಸಿಟ್ಟು ಬಂತು. ಸಿಟ್ಟು ಬಂದಾಗ ಕಿವಿ ಕೇಳಿಸುವುದಿಲ್ಲ. ಅಕ್ಕನ ಆಜ್ಞೆ ಮಾತ್ರ ಪಾಲಿಸಿದೆ. ಚಿಂದಿಗಳನ್ನೆಲ್ಲ ಉಂಡೆ ಕಟ್ಟಿ ಒಂದು ರಟ್ಟಿನ ಡಬ್ಬಕ್ಕೆ ತುರುಕಿ, ಯಾರ ಕಣ್ಣಿಗೂ ಬೀಳದ ಜಾಗವೆಂದು ಮೆಟ್ಟಿಲ ಕೆಳಗೆ ಇಟ್ಟೆ. ಮೋಟಾರಿನ ಪೆಟ್ಟಿಗೆಯ ಪಕ್ಕದಲ್ಲಿ.

ಇಷ್ಟರಲ್ಲಿ ಒಂದು ಆಶ್ಚರ್ಯ ನಡೆಯಿತು. ನಾನು ಕೂಗುವುದು ನಿಂತೇಹೋಯಿತು. ದಿನವಿಡೀ ಆ ಮಂಜಿನಲ್ಲಿ ಬೂದಿ ಎಷ್ಟು, ಹಳದಿ ಎಷ್ಟು ಎಂಬ ಲೆಕ್ಕವೇ ತಲೆಯಲ್ಲಿ ಸುತ್ತುತ್ತಿದ್ದರೆ ಕೂಗಲು ಪುರುಸೊತ್ತೆಲ್ಲಿ? ಸೋಪು ಹಚ್ಚಿದಾಗ ನೀರು ನಿಂತರೆ ಟವೆಲಿನಿಂದ ಮುಖ ಒರೆಸಿಕೊಂಡು, ಮೆಟ್ಟಿಲಿನಲ್ಲಿ ಸಿಕ್ಕ ಮೋಟಾರ್ ಮಾವನಿಗೆ, "ಪರವಾಗಿಲ್ಲ ಮಾವ, ಮೋಟಾರು ಸುಧಾರಿಸಿಕೊಳ್ಳಲಿ," ಎಂದೆ. ಎಂದು ನಕ್ಕೆ.

ಕಟ್ಟಡ ಸಂತೋಷಪಡುತ್ತದೆಂದು ನೀವು ತಿಳಿದಿರಬಹುದು. ನಾನೂ ಹಾಗೇ ತಿಳಿದಿದ್ದೆ. ಆ ಸಂಜೆ ಗೋಡೆಯಾಚೆಯಿಂದ ಮಾತು ಕೇಳಿಸಿತು. ನಮ್ಮ ಗೋಡೆ ಗೋಡೆಯಲ್ಲ, ಸುಣ್ಣ ಬಳಿದ ರಟ್ಟು.

"ನಕ್ಕ ಕಣೇ," ಎಂದರು ಮೋಟಾರ್ ಮಾವ.

"ಯಾರು?" ಎಂದರು ಅವರ ಹೆಂಡತಿ, ಮೋಟಾರ್ ಅತ್ತೆ.

"ಕುಕ್ಕರ್."

ಅತ್ತೆಯ ಸೌಟು ಪಾತ್ರೆಗೆ ಬಿದ್ದ ಸದ್ದಾಯಿತು. "ಹಲ್ಲು ಬಿಟ್ಟು ನಕ್ಕನಾ, ತುಟಿ ಮುಚ್ಚಿ ನಕ್ಕನಾ?"

"ತುಟಿ ಮುಚ್ಚಿ."

"ಅಯ್ಯೋ, ಹಾಗಾದ್ರೆ ಏನೋ ಇದೆ ರೀ."

"ಅದೇ ಹೇಳ್ತಿರೋದು. ಸೀಟಿ ಹೊಡೀತಾ ಇರೋ ಕುಕ್ಕರಿಗೆ ಹೆದರಬೇಕಾಗಿಲ್ಲ. ಒಲೆ ಉರೀತಾನೇ ಇದೆ, ಸೀಟಿ ಮಾತ್ರ ನಿಂತಿದೆ ಅಂದ್ರೆ? ಅಡುಗೆಮನೆ ಬಿಟ್ಟು ಓಡ್ಬೇಕು."

ಮರುದಿನ ಇಡೀ ಕಟ್ಟಡಕ್ಕೆ ಈ ವಿಜ್ಞಾನ ಹಬ್ಬಿತು. ಮಂಜಿನ ಲೆಕ್ಕದಲ್ಲಿದ್ದ ನನ್ನ ತಲೆಗೆ ಮಾತ್ರ ಅದು ಇಳಿಯಲಿಲ್ಲ. ನಾನು ಟರ್ಪೆಂಟೈನಿನ ಹೊಸ ಬಾಟಲಿ ಹಿಡಿದು ಮೆಟ್ಟಿಲು ಹತ್ತಿದರೆ ಜನ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು. ವಾಸನೆಯೋ, ಅಡಗಿಸಿದರೆ ಅಡಗುವಂಥದ್ದಲ್ಲ. ಮೋಟಾರ್ ಮಾವ ಪ್ರತಿ ಮಹಡಿಯ ತಿರುವಿನಲ್ಲೂ ನೀರು ತುಂಬಿದ ಬಕೆಟ್ಟುಗಳನ್ನು ಸಾಲಾಗಿ ಇಡಿಸಿದರು. ನಲ್ಲಿ ನಿಂತಾಗ ಜನರಿಗೆ ತೊಂದರೆಯಾಗದಿರಲೆಂದು ಇಟ್ಟಿದ್ದಾರೆ, ಕೊನೆಗೂ ಮನುಷ್ಯನಿಗೆ ಬುದ್ಧಿ ಬಂತಲ್ಲ ಎಂದು ನನಗೆ ಹೃದಯ ತುಂಬಿಬಂತು.

"ತುಂಬ ಒಳ್ಳೇ ಕೆಲಸ ಮಾಡಿದ್ರಿ ಮಾವ. ಸದ್ಯದಲ್ಲೇ ಬೇಕಾಗುತ್ತೆ," ಎಂದೆ.

ಮಾವ ಸೊಂಟದ ಕೀಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವರು ಒಳಗೆ ಹೋಗಿ ಅಗ್ನಿಶಾಮಕ ಠಾಣೆಗೆ ಫೋನು ಮಾಡಿದ್ದು ಗೋಡೆಯಲ್ಲೇ ಕೇಳಿಸಿತು. ಆದರೆ ಯಾರಿಗೋ ನೀರಿನ ವಿಚಾರ ಹೇಳುತ್ತಿದ್ದಾರೆ ಎಂದುಕೊಂಡೆ. ಅಧಿಕಾರಿ ಬೆಂಕಿ ಎಲ್ಲಿ ಬಿದ್ದಿದೆ ಎಂದು ಕೇಳಿದರಂತೆ. "ಇನ್ನೂ ಬಿದ್ದಿಲ್ಲ ಸರ್, ಬೀಳುತ್ತೆ," ಎಂದರಂತೆ ಮಾವ. ಬಿದ್ದ ಮೇಲೆ ಮಾಡಿ ಎಂದು ಅವರು ಫೋನು ಇಟ್ಟರಂತೆ. ಮಾವ ಮರುದಿನ ಮತ್ತೆ ಮಾಡಿದರು. ಅದರ ಮರುದಿನವೂ.

ನಾನು ಚಿತ್ರ ಬರೆಯುವಾಗ ವಾಸನೆ ಹೋಗಲೆಂದು ಮೆಟ್ಟಿಲ ಕಡೆಯ ಬಾಗಿಲನ್ನು ಸಂದಿಯಷ್ಟು ತೆರೆದಿಡುತ್ತಿದ್ದೆ. ಆ ಸಂದಿಯಲ್ಲಿ ಆಗಾಗ ಒಂದು ಕಣ್ಣು ಕಾಣುತ್ತಿತ್ತು. ಕಣ್ಣಿನ ಕೆಳಗೆ, ಸೊಂಟದ ಎತ್ತರದಲ್ಲಿ, ಒಂದು ಕೀಲಿ ಹೊಳೆಯುತ್ತಿತ್ತು. ನಾನು ಕಣ್ಣಿಗೆ ನಕ್ಕರೆ ಕಣ್ಣು ಓಡಿಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ನನ್ನ ಮೇಲೆ ಸಾಕ್ಷಿ ಹುಡುಕಲು ಬರುವ ಕಣ್ಣು ಎಂದು ನನಗೆ ಹೊಳೆಯಲೇ ಇಲ್ಲ.

ಆ ಭಾನುವಾರ ಮಧ್ಯಾಹ್ನ ಚಿತ್ರ ಮುಗಿಯುವ ಹಂತದಲ್ಲಿತ್ತು. ಮುರಿದ ಮರ ಮುರಿದಿತ್ತು, ನೀರು ಬೀಳುತ್ತಿತ್ತು. ಪರ್ವತದ ನೆರಳಿಗೆ ಬೆಳಿಗ್ಗೆಯೇ ನೀಲಿಯನ್ನು ಬೆಣ್ಣೆಯಂತೆ ದಪ್ಪವಾಗಿ ಬಳಿದಿದ್ದೆ. ಕಲ್ಲಿನ ಮೇಲಿನ ಮನುಷ್ಯನಿಗೆ ಕಾಲು, ಕೋಟು, ಕೋಲು, ಭುಜ ಬಂದಿದ್ದವು. ತಲೆ ಮಾತ್ರ ಬಾಕಿ. "ತಲೆ ಕೊನೇಲಿ," ಎಂದಿದ್ದರು ಮೇಷ್ಟ್ರು. ಅತಿ ಸಣ್ಣ ಕುಂಚ ಹಿಡಿದು, ಉಸಿರು ಬಿಗಿಹಿಡಿದು ಬಗ್ಗಿದೆ. ಏನೋ ಸುಟ್ಟ ವಾಸನೆ ಬಂತು. ಅಕ್ಕ ಇಸ್ತ್ರಿಪೆಟ್ಟಿಗೆ ಮರೆತಿರಬೇಕು, ಅವಳನ್ನೂ ಬೈಯಬಾರದು ಎಂದುಕೊಂಡೆ.

ಮೆಟ್ಟಿಲಿನಿಂದ ಮೋಟಾರ್ ಮಾವನ ದನಿ ಬಂತು. ನನ್ನ ದನಿಯನ್ನು ನಾಚಿಸುವಂಥ ದನಿ.

"ಹಾಕೇಬಿಟ್ಟ! ಕುಕ್ಕರ್ ಹಾಕೇಬಿಟ್ಟ!"

ಕುಂಚ ಕಿವಿಗೆ ಸಿಕ್ಕಿಸಿಕೊಂಡು ಓಡಿದೆ. ಮೆಟ್ಟಿಲ ಬಾವಿಯೊಳಗಿಂದ ದಟ್ಟ ಹೊಗೆ ಮೇಲಕ್ಕೆ ಬರುತ್ತಿತ್ತು. ತಿರುವಿನ ಬಕೆಟ್ಟುಗಳನ್ನು ಎರಡೂ ಕೈಗೆ ಎತ್ತಿಕೊಂಡು ಕೆಳಗಿಳಿದರೆ, ಮೋಟಾರಿನ ಪಕ್ಕದಲ್ಲಿ ನನ್ನ ರಟ್ಟಿನ ಡಬ್ಬ ಕೆಂಡವಾಗಿ ಕೂತಿತ್ತು. ದವಡೆ ಮೇಷ್ಟ್ರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಆಗಲೇ ಒಂದು ಬಕೆಟ್ಟು ಸುರಿದಿದ್ದರು. ನಾನು ಸುರಿದೆ. ಮತ್ತೆ ಹತ್ತಿದೆ, ಇಳಿದೆ, ಸುರಿದೆ. ಆ ಬಕೆಟ್ಟುಗಳು ಅಲ್ಲಿರದಿದ್ದರೆ ಈ ಕಥೆ ಬರೆಯಲು ನನಗೆ ಮೇಜೂ ಇರುತ್ತಿರಲಿಲ್ಲ. ನನ್ನ ಮೇಲಿನ ಅಪನಂಬಿಕೆಯಿಂದ ತುಂಬಿಟ್ಟ ನೀರೇ ನನ್ನ ಮನೆ ಉಳಿಸಿತು. ಇಂಥ ಅಪನಂಬಿಕೆ ಎಲ್ಲರಿಗೂ ಸಿಗಲಿ.

ಬೆಂಕಿ ಆರಿತು, ಹೊಗೆ ಆರಲಿಲ್ಲ. ಆ ಹೊಗೆಯೊಳಗೆ ಮೇಲಿನಿಂದ ಒಂದು ಮೆರವಣಿಗೆ ಇಳಿದು ಬಂತು. ಮುಂದೆ ಅಕ್ಕನ ಹೊಲಿಗೆ ಮಿಷನ್ನು. ಒಂದು ಕಡೆ ಮಾಲೀಕಮ್ಮ, ಇನ್ನೊಂದು ಕಡೆ ಮೋಟಾರ್ ಅತ್ತೆ. ಇಬ್ಬರೂ ಕೆಮ್ಮುತ್ತ, ಒಬ್ಬರಿಗೊಬ್ಬರು 'ಮೆಲ್ಲಗೆ, ಕಾಲು ಮುರಿದೀತು' ಎನ್ನುತ್ತಿದ್ದರು. ಮಿಷನ್ನಿನ ಕಾಲು, ಅವರದಲ್ಲ. ಹಿಂದೆ ಮೇಲಿನ ಮಹಡಿಯವರೆಲ್ಲ ಸಮವಸ್ತ್ರಗಳನ್ನು ಎದೆಗವಚಿಕೊಂಡು ಬಂದರು. ಅವರ ಹಿಂದೆ ಅಕ್ಕ, ಕತ್ತರಿ ಒಂದನ್ನು ಮಾತ್ರ ಹಿಡಿದು, ಏನು ಮಾಡಬೇಕೆಂದು ತಿಳಿಯದೆ. ಯಾರ ಕೈಯಲ್ಲೂ ಅವರವರ ಮನೆಯ ಒಂದು ಲೋಟವೂ ಇರಲಿಲ್ಲ. ಎಲ್ಲರ ಹಿಂದೆ ಮೋಟಾರ್ ಮಾವ, ಕಣ್ಣು ಮುಚ್ಚಿಕೊಂಡು, ನನ್ನ ಕ್ಯಾನ್ವಾಸನ್ನು ಮಗುವಿನಂತೆ ಅಪ್ಪಿಕೊಂಡು. ತಿರುವಿನಲ್ಲಿ ಅವರು ಎಡವಿದರು. ಕ್ಯಾನ್ವಾಸು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿತು, ಬಾಗಿಲಲ್ಲಿ ಮಿಷನ್ನು ಇಳಿಸಿ ನಿಂತಿದ್ದ ಮಾಲೀಕಮ್ಮ ಅದನ್ನು ಶಾಲಿಗೆ ಒತ್ತಿಕೊಂಡು ಬೀದಿಗೆ ತಂದರು.

ಬೀದಿಗೆ ಬಂದರೆ ಅಗ್ನಿಶಾಮಕ ವಾಹನ ಆಗಲೇ ನಿಂತಿತ್ತು. ಅಧಿಕಾರಿ ಬಂದದ್ದು ಬೆಂಕಿಗಲ್ಲ. ದಿನಾ ಫೋನು ಮಾಡಿ ಬೀಳದ ಬೆಂಕಿಯ ದೂರು ಕೊಡುವವರಿಗೆ ಬುದ್ಧಿ ಹೇಳಲು. ಬುದ್ಧಿಮಾತು ಬಾಯಲ್ಲಿಟ್ಟುಕೊಂಡು ಇಳಿದವರು ಹೊಗೆ ನೋಡಿ ಅದನ್ನು ನುಂಗಿದರು. ಒಳಗೆ ಹೋಗಿ ನೋಡಿ ಬಂದು, ಟೋಪಿ ಸರಿಮಾಡಿಕೊಂಡು ಕೇಳಿದರು.

"ಫೋನ್ ಮಾಡಿದ್ದು ಯಾರು?"

"ನಾನು ಸರ್," ಎಂದರು ಮಾವ. "ಹಾಕಿದ್ದು ಇವನು. ಮೋಟಾರಿಗೆ ಬೆಂಕಿ ಹಾಕ್ತೀನಿ ಅಂತ ಎಲ್ಲರ ಮುಂದೆ ಹೇಳಿದ್ದ. ಹೇಳಿದ ಮೇಲೆ ನಗೋಕೆ ಬೇರೆ ಶುರು ಮಾಡಿದ್ದ."

ಎಂದು ನನ್ನತ್ತ ಬೆರಳು ತೋರಿಸಿದರು. ಬೆರಳು ಕಡು ನೀಲಿಯಾಗಿತ್ತು.

ಅಧಿಕಾರಿ ಆ ಬೆರಳನ್ನೇ ನೋಡಿದರು. ಕಪ್ಪಾದ ಚಿಂದಿಯ ಒಂದು ಚೂರು ಅವರ ಕೈಯಲ್ಲಿತ್ತು. ಅದರ ತುದಿಯಲ್ಲೂ ಅದೇ ನೀಲಿ. "ಈ ಬಣ್ಣ ಯಾರ ಕೈಯಲ್ಲಿದೆಯೋ ಅವರೇ ಈ ಬಟ್ಟೆ ಮುಟ್ಟಿದೋರು. ಎಲ್ಲರೂ ಕೈ ತೋರಿಸಿ."

ಎಲ್ಲರೂ ಕೈ ತೋರಿಸಿದರು. ಎಲ್ಲ ಕೈಗಳೂ ನೀಲಿ. ಅತ್ತೆಯ ಕೈ ನೀಲಿ, ಗಲ್ಲವೂ ನೀಲಿ. ಮೇಲಿನ ಮಹಡಿಯವರ ಅಂಗೈ, ಮೊಣಕೈ, ಮಂಡಿ. ಮಾಲೀಕಮ್ಮನ ಬಿಳಿ ಶಾಲಿನ ಮೇಲೆ ಒಂದು ಇಡೀ ಪರ್ವತ ಎಡಬಲ ಅದಲುಬದಲಾಗಿ ನಿಂತಿತ್ತು. ಇಡೀ ಕಟ್ಟಡದಲ್ಲಿ ತಲೆ ಬರೆಯುವ ಮುಂಚೆ ಟರ್ಪೆಂಟೈನಿನಲ್ಲಿ ಉಜ್ಜಿ ತೊಳೆದಿದ್ದ ನನ್ನ ಕೈಯೊಂದೇ ಶುಭ್ರವಾಗಿತ್ತು.

"ಇದೊಳ್ಳೇ ಕಟ್ಟಡ," ಎಂದು ಅಧಿಕಾರಿ ಮೂಗು ಉಜ್ಜಿಕೊಂಡರು. ಅವರ ಮೂಗೂ ಸೇರಿಕೊಂಡಿತು.

ಆಗ ದವಡೆ ಮೇಷ್ಟ್ರು ಅವರ ಬಾಯಿಯನ್ನೇ ದಿಟ್ಟಿಸುತ್ತ ಮುಂದೆ ಬಂದರು. "ಸರ್, ಅಗಸೆ ಎಣ್ಣೆ ಒಣಗುವಾಗ ಬಿಸಿ ಆಗುತ್ತೆ. ಚಿಂದೀನ ಉಂಡೆ ಮಾಡಿ ತುರುಕಿದ್ರೆ ಆ ಬಿಸಿ ಹೊರಗೆ ಹೋಗಲ್ಲ."

"ಗೊತ್ತು ಗೊತ್ತು, ತಾನೇ ಹತ್ಕೊಳುತ್ತೆ," ಎಂದರು ಅಧಿಕಾರಿ. "ಮೇಜು ಕುರ್ಚಿ ಪಾಲಿಶ್ ಮಾಡೋ ಕಡೆ ಎಷ್ಟು ನೋಡಿಲ್ಲ. ಹಾಗಾದ್ರೆ ಯಾರೂ ಹಚ್ಚಿದ್ದಲ್ಲ. ಉಂಡೆ ಮಾಡಿದ ಮಹಾನುಭಾವ ಯಾರು?"

"ನಾನು," ಎಂದೆ. "ಮೇಷ್ಟ್ರು ಹರಡು ಅಂದಿದ್ರು. ನಾನು ಕೇಳಲಿಲ್ಲ."

ಅಕ್ಕ ಮಿಷನ್ನಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಸಾಮಾನೆಲ್ಲ ಬೀದಿಗೆ ಬಂದೇ ಆಗಿದೆ, ಇನ್ನು ಗಂಟು ಕಟ್ಟುವುದೊಂದೇ ಬಾಕಿ ಎಂಬಂತೆ. ಎಲ್ಲರೂ ಮಾಲೀಕಮ್ಮನನ್ನು ನೋಡಿದರು. ಅವರು ಶಾಲಿನ ಪರ್ವತವನ್ನು ನೋಡಿಕೊಳ್ಳುತ್ತಿದ್ದರು.

"ಕೂಗಿದ್ರೆ ಮನೆ ಖಾಲಿ ಅಂದಿದ್ದೆ," ಎಂದರು ಮೆಲ್ಲಗೆ. "ಆಮೇಲೆ ಕೂಗಿದ್ಯಾ?"

"ಇಲ್ಲಮ್ಮ."

"ಒಂದು ಸಲಾನೂ ಇಲ್ವಾ?"

"ಇಲ್ಲ."

"ಅದಕ್ಕೇ ಬೆಂಕಿ ಹತ್ಕೊಂಡಿದ್ದು," ಎಂದರು ಮೋಟಾರ್ ಅತ್ತೆ. "ಇವನಿಗೂ ಆ ಚಿಂದಿಗೂ ಏನು ವ್ಯತ್ಯಾಸ? ಒಳಗಿನ ಬಿಸಿ ಹೊರಗೆ ಹೋಗದಿದ್ರೆ ಇನ್ನೇನಾಗುತ್ತೆ?"

ಬೀದಿಯ ಜನವೆಲ್ಲ ತಲೆದೂಗಿತು. ಅಧಿಕಾರಿಯೂ ತಲೆದೂಗಿದರು.

ನನಗೆ ಒಂದೇ ಒಂದು ಪ್ರಶ್ನೆ ಇತ್ತು. "ಮಾವ, ಬೆಂಕಿ ನಾನೇ ಹಾಕಿದ್ದು ಅಂತ ತಿಳ್ಕೊಂಡಿದ್ರಲ್ಲ. ಮತ್ತೆ ನಮ್ಮನೆ ಸಾಮಾನು ಯಾಕೆ ಹೊತ್ಕೊಂಡು ಬಂದ್ರಿ?"

"ಮಿಷನ್ ನಿಂದಾ?" ಎಂದರು ಮಾವ. "ಅದು ಅವಳದು. ನಿನ್ನ ಪಾಪ ಅವಳ ಮಿಷನ್ ಯಾಕೆ ಹೊರಬೇಕು?"

"ಚಿತ್ರ ನಂದಲ್ವಾ?"

ಮಾವ ಸೊಂಟದ ಕೀಲಿ ತಿರುವಿದರು. ಬೇರೆ ಕಡೆ ನೋಡಿದರು. "ನಿನ್ನ ಮೇಲೆ ಕಣ್ಣಿಡೋಣ ಅಂತ ದಿನಾ ಬಾಗಿಲ ಸಂದೀಲಿ ನೋಡ್ತಿದ್ದೆ. ನೋಡ್ತಾ ನೋಡ್ತಾ ಆ ಗುಡ್ಡ ಅಭ್ಯಾಸ ಆಗೋಯ್ತು. ಮೊನ್ನೆ ಅವನಿಗೆ ಭುಜ ಬಂತು. ಇವತ್ತು ತಲೆ ಬರುತ್ತೆ ಅಂತ ಕಾಯ್ತಾ ನಿಂತಿದ್ದೆ, ಅಷ್ಟೊತ್ತಿಗೆ ಹೊಗೆ. ತಲೆ ಇಲ್ಲದೋನನ್ನ ಬೆಂಕೀಲಿ ಬಿಟ್ಟು ಬರೋದಾ?"

ಇದನ್ನು ಕೇಳಿದ ಮೇಲೆ ಏನಾದರೂ ಹೇಳಲೇಬೇಕಿತ್ತು. ಉಪಕಾರವಾಯಿತು ಎನ್ನಬೇಕು, ನಿಮ್ಮ ಋಣ ತೀರಿಸಲಾರೆ ಎನ್ನಬೇಕು. ಬಾಯಿ ತೆರೆದೆ. ಸೌಮ್ಯವಾದ ಮಾತು ಗಂಟಲಿನವರೆಗೂ ಬಂತು, ಅಲ್ಲಿಂದ ಅದಕ್ಕೆ ದಾರಿ ಗೊತ್ತಿರಲಿಲ್ಲ. ಮುಖ ಕೆಂಪಾಯಿತು. ಕಿವಿಗೆ ಸಿಕ್ಕಿಸಿದ್ದ ಕುಂಚ ನಡುಗಿತು. ಜನ ಒಂದು ಹೆಜ್ಜೆ ಹಿಂದೆ ಸರಿದರು. ಅಧಿಕಾರಿ ನೀರಿನ ಕೊಳವೆಯ ಮೇಲೆ ಕೈಯಿಟ್ಟರು.

"ನಿಮ್ಮ ಒಳ್ಳೇತನಕ್ಕೆ ಬೆಂಕಿ ಹಾಕ!" ಎಂದು ಕೂಗಿದೆ. "ನಿಮ್ಮ ಬಕೆಟ್ಟಿಗೆ ಬೆಂಕಿ ಹಾಕ! ನಮ್ಮಕ್ಕನ ಮಿಷನ್ ಹೊತ್ಕೊಂಡು ಬಂದ್ರಲ್ಲ, ನಿಮ್ಮ ಕೈಗಳಿಗೆಲ್ಲ ಬಳೆ ತೊಡಿಸಿ, ಉಂಗುರ ಹಾಕಿ, ಆಮೇಲೆ ಬೆಂಕಿ ಹಾಕ! ನಾನು ಸಾಯೋವರೆಗೂ ಮರೆಯಲ್ಲ, ತಿಳ್ಕೊಳಿ!"

ಬೀದಿಯ ಕೊನೆಯಲ್ಲಿ ಒಂದು ಕಿಟಕಿ ತೆರೆದುಕೊಂಡಿತು. ನಮ್ಮ ಕಟ್ಟಡದವರು ಮಾತ್ರ ಎಷ್ಟೋ ವಾರಗಳಿಂದ ಹಿಡಿದಿಟ್ಟಿದ್ದ ಉಸಿರು ಬಿಟ್ಟರು.

"ಹಾಂ, ಸರಿಹೋಯ್ತು," ಎಂದರು ಮೋಟಾರ್ ಅತ್ತೆ.

ಅಕ್ಕ ಕತ್ತರಿಯನ್ನು ಮಿಷನ್ನಿನ ಮೇಲಿಟ್ಟು ಕಣ್ಣೊರೆಸಿಕೊಂಡಳು. ಮುಖವೆಲ್ಲ ನೀಲಿಯಾಯಿತು.

ಮಾಲೀಕಮ್ಮ ತೀರ್ಪು ಕೊಟ್ಟರು. "ಮನೇನೂ ಖಾಲಿ ಮಾಡ್ಬೇಡ, ಹೊಟ್ಟೇಲೂ ಇಟ್ಕೋಬೇಡ. ದಿನಾ ಬೆಳಿಗ್ಗೆ ಒಂದು ಸಲ ಮೆಟ್ಟಿಲಲ್ಲಿ ಕೂಗು. ಒಂದೇ. ಚಿಂದೀನ ಮಾತ್ರ ತಾರಸಿ ಮೇಲೆ ಹರಡು. ಇದನ್ನ ಬೈದು ಹೇಳ್ತಾ ಇದೀನಿ."

ಆಮೇಲೆ ಎಲ್ಲರೂ ಸೇರಿ ಮಿಷನ್ನನ್ನು ಮತ್ತೆ ಮೇಲೆ ಹೊತ್ತರು. ಈ ಸಲ ನಾನೂ ಒಂದು ಕಾಲು ಹಿಡಿದೆ.

ಕ್ಯಾನ್ವಾಸನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ನನ್ನ ಎದೆ ಒಡೆಯಿತು. ಪರ್ವತದ ನೆರಳಿನಲ್ಲಿ ಅಂಗೈಗಳು ಸಾಲುಗಟ್ಟಿ ಕಣಿವೆಗಳಾಗಿದ್ದವು. ಮಾಲೀಕಮ್ಮನ ಶಾಲು ಅರ್ಧ ಪರ್ವತವನ್ನು ಒರೆಸಿಕೊಂಡು ಹೋಗಿ ಅಲ್ಲಿ ಬೂದಿ, ನೀಲಿ ಬೆರೆತ ಏನೋ ಒಂದು ಉಳಿದಿತ್ತು. ದವಡೆ ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು.

"ಈಗ ಮಂಜಾಯ್ತು ನೋಡು," ಎಂದರು.

ಕಲ್ಲಿನ ಮೇಲಿನ ಮನುಷ್ಯನ ಭುಜಗಳ ನಡುವೆ, ತಲೆ ಇರಬೇಕಾದ ಜಾಗದಲ್ಲಿ ಸರಿಯಾಗಿ, ಒಂದು ಹೆಬ್ಬೆರಳಿನ ತುದಿ ಒತ್ತಿತ್ತು. ಗೆರೆಗೆರೆಯಾಗಿ ಬಾಚಿದ ಕೂದಲಿನ ಹಾಗೆ. ಸ್ವಲ್ಪ ಓರೆ, ಏನನ್ನೋ ಇಣುಕಿ ನೋಡುವವನ ತಲೆಯ ಹಾಗೆ. ಯಾರದೆಂದು ಕೇಳಬೇಕಾಗಿರಲಿಲ್ಲ. ನಾನು ಕಿವಿಯಿಂದ ಸಣ್ಣ ಕುಂಚ ತೆಗೆದೆ. ಮೇಷ್ಟ್ರು ನನ್ನ ಕೈ ಹಿಡಿದರು.

"ಮುಟ್ಟಬೇಡ. ಇದಕ್ಕಿಂತ ಒಳ್ಳೇ ತಲೆ ನಿನ್ನ ಕೈಲಿ ಆಗಲ್ಲ."

ಚಿತ್ರ ಈಗ ಮೆಟ್ಟಿಲ ಗೋಡೆಯ ಮೇಲೆ, ಮೋಟಾರಿನ ಪೆಟ್ಟಿಗೆಯ ಮೇಲ್ಗಡೆ ತೂಗುತ್ತಿದೆ. ಮೋಟಾರ್ ಮಾವ ಮನೆಗೆ ಬಂದ ನೆಂಟರನ್ನು ಮೊದಲು ಅಲ್ಲಿ ನಿಲ್ಲಿಸಿ, "ಇದು ನಾನು," ಎನ್ನುತ್ತಾರೆ. ಮುಖ ಯಾಕೆ ಕಾಣುವುದಿಲ್ಲ ಎಂದು ಯಾರಾದರೂ ಕೇಳಿದರೆ, "ಕೆಲಸದಲ್ಲಿದೀನಿ," ಎನ್ನುತ್ತಾರೆ. ಮಾಲೀಕಮ್ಮ ಆ ಶಾಲನ್ನು ಒಗೆಯಲು ಹಾಕಿಲ್ಲ. ಪರ್ವತ ಬೆನ್ನ ಮೇಲೆ ಬರುವಂತೆ ಹೊದೆಯುತ್ತಾರೆ. ನೀರು ಮಾತ್ರ ಈಗಲೂ ನಾನು ಸೋಪು ಹಚ್ಚಿದಾಗಲೇ ನಿಲ್ಲುತ್ತದೆ. ಅದಕ್ಕೂ ಚಿತ್ರಕಲೆಗೂ ಸಂಬಂಧವಿಲ್ಲ.

ಮೊನ್ನೆ ನನಗೆ ಜ್ವರ ಬಂದು ಬೆಳಿಗ್ಗೆ ಏಳಲಾಗಲಿಲ್ಲ. ಬಾಗಿಲು ಬಡಿದ ಸದ್ದಾಯಿತು. ಅಕ್ಕ ತೆರೆದಳು. ಸಂದಿಯಲ್ಲಿ ಒಂದು ಕಣ್ಣು, ಸೊಂಟದಲ್ಲಿ ಒಂದು ಕೀಲಿ.

"ಏನಯ್ಯ, ಇವತ್ತು ಇನ್ನೂ ಕೂಗ್ಲಿಲ್ಲ?" ಎಂದರು ಮಾವ.

"ಮೈ ಹುಷಾರಿಲ್ಲ ಮಾವ."

"ಹಂಗಂದ್ರೆ ಆಗುತ್ತೇನಪ್ಪ? ಎಲ್ಲರೂ ಬಕೆಟ್ ಹಿಡ್ಕೊಂಡು ಮೆಟ್ಟಿಲಲ್ಲಿ ನಿಂತಿದ್ದಾರೆ. ಮಲ್ಕೊಂಡೇ ಒಂದು ಕೂಗಿಬಿಡು, ನಾವು ನಮ್ಮ ನಮ್ಮ ಕೆಲಸ ನೋಡ್ಕೋತೀವಿ."

ಹೊದಿಕೆ ಸರಿಸಿ, ಇದ್ದಬದ್ದ ಉಸಿರೆಲ್ಲ ಸೇರಿಸಿ, ಮೋಟಾರಿಗೆ ಬೆಂಕಿ ಹಾಕಿದೆ.

ಮೆಟ್ಟಿಲಿನಲ್ಲಿ ಬಕೆಟ್ಟುಗಳು ಒಂದೊಂದಾಗಿ ನೆಲಕ್ಕಿಳಿದ ಸದ್ದು ಕೇಳಿಸಿತು. ಆಮೇಲೆ ಮುಂದಿನ ಕೋಣೆಯಲ್ಲಿ ಅಕ್ಕನ ಮಿಷನ್ನು ಶುರುವಾಯಿತು.